ಗೊತ್ತಿಲ್ಲ ಎಂದವಳ ಮಣ್ಣು

ನಾಗನಾಥ ಏಕನಾಥನ ಮನೆಯ ಬಾಗಿಲನ್ನು ಮತ್ತೆ ಬಡಿದ. ಒಳಗಿನಿಂದ ಅಗುಳಿ ಹಾಕಿತ್ತು. 1979ರ ಜುಲೈ ತಿಂಗಳ ಆ ಮಧ್ಯಾಹ್ನ ಹುಮನಾಬಾದಿನ ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಆಕಾಶದಲ್ಲಿ ತಿರುಗುತ್ತಿದ್ದ ಅಮೆರಿಕದ ಸ್ಕೈಲ್ಯಾಬ್ ಎಂಬ ಯಂತ್ರ, ಒಂದು ಮನೆಯಷ್ಟು ದೊಡ್ಡದು, ಇವತ್ತು ನೆಲಕ್ಕೆ ಬೀಳುತ್ತದೆಂದು ರೇಡಿಯೋ ಹೇಳಿತ್ತು. ನಾಳೆ ಇರುತ್ತೇವೋ ಇಲ್ಲವೋ ಎಂದು ಓಣಿಯವರು ನಿನ್ನೆಯೇ ಹೋಳಿಗೆ ಮಾಡಿ ತಿಂದು ಮುಗಿಸಿದ್ದರು.

"ಏಕನಾಥಾ, ಹೆಗಲು ಕೊಡೋರಿಲ್ಲೋ. ಹೊತ್ತು ಮುಳುಗೂದ್ರೊಳಗ ನನ್ನ ಹೆಂಡ್ತಿ ಮಣ್ಣಾಗಬೇಕು."

"ಸಿಟ್ಟಾಗಬ್ಯಾಡ್ರಿ ಅಣ್ಣಾ," ಏಕನಾಥ ಒಳಗಿಂದಲೇ ಹೇಳಿದ. "ಎಲ್ಲಿ ಬೀಳ್ತದೋ ಗೊತ್ತಿಲ್ಲ ಅಂತ ಟೀಚರಬಾಯಿನೇ ಹೇಳ್ಯಾರಲ್ರಿ. ಅವರಿಗೇ ಗೊತ್ತಿಲ್ಲಂದ್ರ ನಾವು ಹ್ಯಾಂಗ ಹೊರಗ ಬರೂದು?"

ನಾಗನಾಥ ಬಾಗಿಲಿನಿಂದ ಕೈ ತೆಗೆದ. ಅವನ ಹೆಂಡತಿ ಹಾಗೆ ಹೇಳಿದ್ದು ನಿಜ.

*

ಶಕುಂತಲಾಬಾಯಿ ಹೆಣ್ಣುಮಕ್ಕಳ ಶಾಲೆಯ ಟೀಚರು. ಮಳೆಗಾಲ ಕಳೆದರೆ ಸಾಕು, ಮುಸ್ಸಂಜೆ ಹುಡುಗಿಯರನ್ನು ಶಾಲೆಯ ಮಾಳಿಗೆಗೆ ಹತ್ತಿಸಿ ಅಂಗಾತ ಮಲಗಿಸುತ್ತಿದ್ದಳು.

"ಮಿಣುಕೂದು ಚಿಕ್ಕಿ. ಮಿಣುಕದೆ ಸುಮ್ಮನೆ ಬೆಳಗೂದು ಗ್ರಹ. ಸಪ್ತರ್ಷಿಯ ತುದೀ ಎರಡು ಚಿಕ್ಕಿ ಹಿಡದು ಹಂಗೇ ಮುಂದ ಹೋಗ್ರಿ, ಧ್ರುವ ಸಿಗ್ತಾನ."

"ಅದರಾಚೆ ಏನದ ಬಾಯಿ?"

"ಗೊತ್ತಿಲ್ಲವ್ವ. ನೀ ಓದಿ ನನಗ ಹೇಳು."

ಒಮ್ಮೆ ಇದನ್ನು ಕೇಳಿಸಿಕೊಂಡ ನಾಗನಾಥ ಮನೆಗೆ ಬಂದು ಗೊಣಗಿದ್ದ. "ಟೀಚರ್ ಆಗಿ ಗೊತ್ತಿಲ್ಲ ಅಂತೀಯಲ್ಲ, ಮರ್ಯಾದಿ ಉಳಿತದೇನು?"

"ಒಂದ್ಸಲ ಸುಳ್ಳ ಹೇಳಿದ್ರ ನನ್ನ ಖರೇ ಮಾತೂ ನಂಬಂಗಿಲ್ಲ."

ಹೋದ ವಾರ ಅವಳು ಹಾಸಿಗೆ ಹಿಡಿದಿದ್ದಾಗ ಓಣಿಗೆ ಓಣಿಯೇ ಬಂದು ಕೇಳಿತ್ತು. ಸಮುದ್ರ ಭಾಳ ದೊಡ್ಡದದ, ಅಲ್ಲೇ ಬಿದ್ದೀತು, ಆದ್ರ ಎಲ್ಲಿ ಅಂತ ಗೊತ್ತಿಲ್ಲ ಎಂದಿದ್ದಳು. ಜನ ಸಮುದ್ರವನ್ನು ಅಲ್ಲೇ ಬಿಟ್ಟು ಗೊತ್ತಿಲ್ಲ ಎಂಬುದನ್ನಷ್ಟೇ ಮನೆಗೆ ಒಯ್ದರು.

*

ಪಡಸಾಲೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಬಸವಕಲ್ಯಾಣದಿಂದ ತವರಿನವರು ಬಂದಿರಲಿಲ್ಲ. ಗುಂಡಿ ತೋಡಿದವರು ತೋಡಿ ಓಡಿದ್ದರು. ಪಕ್ಕದ ಮನೆಯ ಸಂಗಮ್ಮ ಒಬ್ಬಳೇ ಕಾಯುತ್ತಿದ್ದಳು.

"ಹೊತ್ತು ಇಳಿಯಾಕತ್ತದ ಅಣ್ಣಾ. ಏನರೆ ಮಾಡ್ರಿ."

ನಾಗನಾಥ ಹೊರಗೆ ಬಂದು ಓಣಿಯ ನಡುವೆ ನಿಂತ. ಗಂಟಲು ಹರಿಯುವಂತೆ ಕೂಗಿದ.

"ಕೇಳ್ರಿ! ನಿನ್ನಿ ಆಕಿ ಲೆಕ್ಕ ಹಾಕಿ ಹೇಳ್ಯಾಳ. ನಮ್ಮ ಕಡೀಗಿ ಬೀಳಂಗಿಲ್ಲ!"

ಒಂದು ಅಗುಳಿ ಸರಿಯಿತು. ಆಮೇಲೆ ಇನ್ನೊಂದು. ಏಕನಾಥ ಬರಿಗಾಲಲ್ಲೇ ಓಡಿ ಬಂದ. "ಬಾಯಿ ಅಂದಾರಂದ್ರ ಮುಗೀತು. ಅವರು ಸುಳ್ಳ ಹೇಳೋರಲ್ಲ."

ನಾಲ್ಕು ಹೆಗಲು ಕೇಳಿದವನ ಹಿಂದೆ ಇಡೀ ಓಣಿ ಹೊರಟಿತು. ಬಿದಿರು ಕಟ್ಟಿದ ಕುರ್ಚಿಯಲ್ಲಿ ಶಕುಂತಲಾಬಾಯಿ ಮುಂದೆ, ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು ಹಿಂದೆ, ಶಾಲೆಯ ಹುಡುಗಿಯರು ಎಲ್ಲ ಕಡೆ. ನಾಗನಾಥ ಸಂಗಮ್ಮನ ಪಕ್ಕಕ್ಕೆ ಸರಿದ.

"ಹುಡುಗ್ರನ್ನ ಮನ್ಯಾಗ ಬಿಟ್ಟು ಬರ್ರಿ, ಸಂಗಮ್ಮಾ."

"ಯಾಕ್ರಿ? ಬೀಳಂಗಿಲ್ಲ ಅಂತ ನೀವೇ ಹೇಳಿದ್ರಲ್ಲ?"

ಅವನು ಅವಳ ಕಂಕುಳಿನ ಮೊಮ್ಮಗಳನ್ನು ತಾನೇ ಎತ್ತಿಕೊಂಡ. ಊರು ದಾಟಿ ಬಯಲಿಗೆ ಬಂದಾಗ ಮೇಲೆ ಒಂದು ಮರದ ನೆರಳೂ ಇರಲಿಲ್ಲ. ಎಲ್ಲೋ ಗುಡುಗಿತು. ನಾಗನಾಥನೊಬ್ಬನೇ ಬೆಚ್ಚಿಬಿದ್ದ, ಹುಡುಗಿಯರು ನಕ್ಕರು.

ಶಕುಂತಲಾಬಾಯಿಯನ್ನು ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ಓಣಿಯವರೆಲ್ಲ ಬಗ್ಗಿ ಅವಳ ಮುಖ ನೋಡಿ ಅತ್ತರು.

"ಮುಚ್ಚೂಕಿಂತ ಮೊದಲ ಒಂದ್ಸಲ ನೋಡ್ರಿ ಅಣ್ಣಾ," ಏಕನಾಥ ತೋಳು ಹಿಡಿದು ಅಂದ.

ನಾಗನಾಥ ಸಂಗಮ್ಮನ ಮೊಮ್ಮಗಳನ್ನು ಎದೆಗೆ ಅವಚಿಕೊಂಡು, ಅವಳ ನೆತ್ತಿಯ ಮೇಲೆ ಅಂಗೈ ಕವುಚಿ ನಿಂತಿದ್ದ. ಕತ್ತು ಮೇಲಕ್ಕೆತ್ತಿ, ರೆಪ್ಪೆ ಬಡಿಯದೆ, ಒಂದು ಮೋಡದಿಂದ ಇನ್ನೊಂದು ಮೋಡಕ್ಕೆ ಕಣ್ಣು ಆಡಿಸುತ್ತಿದ್ದ. ಮಣ್ಣು ಬೀಳುವ ಸದ್ದು ಶುರುವಾದರೂ ಅವನು ಕೆಳಗೆ ನೋಡಲಿಲ್ಲ.