ಅಜ್ಜಿ ಬಿಟ್ಟ ಜಾಗ

"ಇಪ್ಪತ್ತು ವರ್ಷದಿಂದ ಈ ಊರಿನ ಬೋರ್ಡೆಲ್ಲ ಬರೆದೋನು ನಾನು! ಈಗ ಬೆಟ್ಟದ ಅಜ್ಜಿ ಕೈಕೆಳಗೆ ಬಣ್ಣ ಕಲಸ್ಬೇಕಾ?" ಪೇಂಟರ್ ಡಬ್ಬ ಕುಕ್ಕಿದ.

"ಕಲಸಿ. ಕೈಯೇನು ಸವೆದು ಹೋಗಲ್ಲ," ಎಂದಳು ಹೆಂಡತಿ. ಆಕೆ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು.

"ನಿಮ್ಮ ಆಸ್ಪತ್ರೆ ಗೋಡೆ ಮೇಲೆ ನಾನು ಬರೆದ ತಾಯಿ-ಮಗು ಚಿತ್ರಕ್ಕೆ ಸುಣ್ಣ ಬಳಿಸಿದ್ರಲ್ಲ!"

"ಅದನ್ನ ನೋಡಿ ಬೆಟ್ಟದ ಒಬ್ಬ ಹೆಂಗಸಾದ್ರೂ ಒಳಗೆ ಬಂದ್ಲಾ? ಗೇಟಿನ ತನಕ ಬಂದು ವಾಪಸ್ ಹೋಗ್ತಿದ್ರು. ನಮಗಿಂತ ಮೊದಲಿಂದ ಈ ನೆಲದಲ್ಲಿ ಇರೋರು ಅವರು. ಬಸುರಿಯರು ಕಾಯೋ ಕೋಣೆ ಹೇಗಿರ್ಬೇಕು ಅಂತ ಅವರೇ ಹೇಳ್ಲಿ, ನಾವು ಕೈಜೋಡಿಸೋಣ. ಅಜ್ಜಿ ಮೊಮ್ಮಗಳು ಹೋದ ಸಲ ಮನೇಲೇ ಹೆತ್ತು ಕೂಸು ಕಳ್ಕೊಂಡ್ಲು. ಈಗ ಒಂಬತ್ತು ತಿಂಗಳು. ಗೋಡೆ ಚಿತ್ರ ಮುಗಿದ್ರೆ ಹೆರಿಗೆಗೆ ಆಸ್ಪತ್ರೆಗೇ ಬರ್ತೀನಿ ಅಂದಿದ್ದಾಳೆ."

ಪೇಂಟರ್ ಗೊಣಗುತ್ತ ಹೋದ. ಗೋಡೆಗೆ ಚಿತ್ರ ಬರೆಯುವ ಬೆಟ್ಟದ ಹೆಂಗಸರ ಕೆಲಸದ ರೀತಿಯೇ ಅವನಿಗೆ ತಲೆನೋವು. ಅಜ್ಜಿ ಶುರುಮಾಡಿದ ಗೀಟನ್ನು ಇನ್ನೊಬ್ಬಳು ಮುಗಿಸುತ್ತಾಳೆ. ಎಲ್ಲರೂ ಕೂತು ನೋಡಿ ತಲೆಯಾಡಿಸಿದ ಮೇಲೇ ಮುಂದಿನ ಗೀಟು. ಯಾರೂ ಹೆಸರು ಹಾಕುವುದಿಲ್ಲ. ಆದರೂ ಡಾಕ್ಟರು ಕೂಡ, "ಅಜ್ಜಿ, ಏನು ಕೈ ನಿಮ್ಮದು!" ಎನ್ನುತ್ತಾರೆ. ಏಣಿ ಹಿಡಿದು ನಿಂತವನನ್ನು ಕೇಳುವವರೇ ಇಲ್ಲ. ಅವನ ಹೊಟ್ಟೆ ಧಗಧಗ ಉರಿಯಿತು.

ಮಧ್ಯಾಹ್ನ ಹೆಂಗಸರೆಲ್ಲ ಊಟಕ್ಕೆ ಹೊರಗೆ ಕೂತರು. ಕೋಣೆಯ ಸುತ್ತ ಗೋಡೆಗೆ ಎಳೆದ ಅಂಚಿನ ಗೀಟು ಒಂದು ಕಡೆ ಗೇಣುದ್ದ ಕೂಡಿಲ್ಲದ್ದು ಪೇಂಟರನ ಕಣ್ಣಿಗೆ ಬಿತ್ತು. ಸಿಕ್ಕಿತು ತಪ್ಪು! ಪಟ್ಟಿ ಇಟ್ಟು ನೀಟಾಗಿ ಕೂಡಿಸಿದ. ಕೆಳಗೆ ತನ್ನ ಹೆಸರು, ಫೋನ್ ನಂಬರ್ ಬರೆದ.

ಅಜ್ಜಿ ಮೊಮ್ಮಗಳ ಜೊತೆ ಒಳಗೆ ಬಂದಳು. "ಯಾರು ಮುಚ್ಚಿದ್ದು?"

"ನಾನೇ. ತಪ್ಪಾಗಿತ್ತು, ಸರಿಮಾಡ್ದೆ."

"ಕೂಸು ಹೊರಗೆ ಬರೋಕೆ ಬಿಟ್ಟ ದಾರಿ ಕಣಪ್ಪಾ ಅದು. ಮುಚ್ಚಿದ ಗೀಟಿನೊಳಗೆ ನಮ್ಮ ಬಸುರಿಯರು ಕೂರಲ್ಲ. ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?"

ಪೇಂಟರನ ಮುಖ ಕಪ್ಪಿಟ್ಟಿತು. "ಅಳಿಸ್ತೀನಿ, ಅಜ್ಜಿ."

"ಹೊಟ್ಟೆಕಿಚ್ಚಿಂದ ಎಳೆದದ್ದು. ಬಟ್ಟೆಯಲ್ಲಿ ಒರೆಸಿದ್ರೆ ಹೋಗುತ್ತಾ?"

ನರ್ಸು ಓಡಿ ಬಂದಳು. "ಅಜ್ಜಿ, ಹುಡುಗಿ ಜೀವದ ಪ್ರಶ್ನೆ. ಸಿಟ್ಟು ಬೇಡ."

"ನಮ್ಮ ಮಾತಿಗೆ ಬೆಲೆ ಇಲ್ಲದ ಕಡೆ ಇವಳನ್ನ ಹೇಗೆ ಮಲಗಿಸ್ಲಿ, ಮಗಳೇ?"

ಈ ಕಥೆಯನ್ನು ಎಲ್ಲರಿಗೂ ಓದಿ ಹೇಳಿ ಎಂದವನು ಆ ಪೇಂಟರೇ. ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಗೋಡೆಗೆ ಮೂಲನಿವಾಸಿಗಳ ಚಿತ್ರ ಬೇಕೇ? ಹಾಗಾದರೆ ಯಜಮಾನಿಕೆಯೂ ಅವರದೇ ಇರಲಿ. ತಿಳಿಯದಿದ್ದರೆ ಬಾಯಿಬಿಟ್ಟು ಕೇಳಿ. ಹೊಟ್ಟೆ ಉರಿದರೆ ತಣ್ಣೀರು ಕುಡಿಯಿರಿ, ಕುಂಚ ಮುಟ್ಟಬೇಡಿ.

ಅಂದು ಅಜ್ಜಿ ಮೊಮ್ಮಗಳ ಕೈ ಹಿಡಿದು ಗೇಟು ದಾಟಿದಳು. ನರ್ಸು ಮೂರು ಸಲ ಬೆಟ್ಟ ಹತ್ತಿ ಕರೆದಳು. ಇಬ್ಬರೂ ಬರಲಿಲ್ಲ.