ಅತ್ತಿಗೆಯ ನಾಲ್ಕು ದಿನ

ನಮ್ಮ ಬ್ರೈಲ್ ಮುದ್ರಣಾಲಯದಲ್ಲಿ ಕರಡು ಮುಟ್ಟಿ ಓದುವ ಅತ್ತಿಗೆಯ ಬೆರಳು ನಿಂತಿತೆಂದರೆ ಎಲ್ಲವೂ ನಿಂತಂತೆ. ಶುಕ್ರವಾರ ಬೆಳಿಗ್ಗೆ, ಗಣಿತ ಪುಸ್ತಕದ ಮೊದಲ ಹಾಳೆಯ ಮೇಲೆಯೇ ನಿಂತಿತು.

“ಮೈದುನ ಮಹಾರಾಯ, ಈ ರೈಲಲ್ಲಿ ಎಷ್ಟು ಜನ?”

“ಏಳು ಸಾವಿರದ ಇನ್ನೂರ ಎಪ್ಪತ್ತೆರಡು, ಅತ್ತಿಗೆ.”

“ಇಲ್ಲಿ ‘ಗಬಗಬ ಜನ’ ಅಂತಿದೆ. ರೈಲನ್ನೇ ತಿನ್ನೋಕೆ ಹತ್ತಿದ್ದಾರಾ?”

ಬ್ರೈಲಿನಲ್ಲಿ ಅಂಕಿಗೂ ಅಕ್ಷರಕ್ಕೂ ಅವೇ ಚುಕ್ಕಿಗಳು; ಏಳರದೇ ಚುಕ್ಕಿ ‘ಗ’ಕ್ಕೆ, ಎರಡರದೇ ‘ಬ’ಕ್ಕೆ. ಮುಂದೊಂದು ಚಿಹ್ನೆ ಇದ್ದರೆ ಮಾತ್ರ ಅಂಕಿ. ಎರಡೆರಡು ಬಿದ್ದಿದ್ದ ಚಿಹ್ನೆಗಳನ್ನು ಒಂದು ಮಾಡಲು ಹೋಗಿ, ಸೋಮವಾರ ಒಂದೇ ಏಟಿಗೆ ಅಷ್ಟನ್ನೂ ಗುಡಿಸಿಹಾಕಿದ ಪುಣ್ಯಾತ್ಮ ನಾನೇ. ಅತ್ತಿಗೆ ಸೋಮವಾರಕ್ಕೂ ಮುಂಚಿನ ಅಚ್ಚುಪ್ರತಿ ಮುಟ್ಟಿ ಓದಿ ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದುದರಿಂದ ಇಷ್ಟು ದಿನ ಬಯಲಾಗಿರಲಿಲ್ಲ.

ಯಂತ್ರ ನಡೆಸುವ ಮೆಷಿನ್ ಮಾಮ ಗಡಿಯಾರ ನೋಡಿದರು. “ಮಧ್ಯಾಹ್ನ ಪುಸ್ತಕ ಒಯ್ಯೋಕೆ ಗಾಡಿ ಬರತ್ತೆ, ಸೋಮವಾರ ಮಕ್ಕಳಿಗೆ ಪರೀಕ್ಷೆ. ರಿಸೆಟ್ ಹೊಡಿಯಪ್ಪಾ, ಎಲ್ಲಾ ಸಾಫ್!”

ನಮ್ಮ ಕಂಪ್ಯೂಟರಿನಲ್ಲಿ ಪ್ರತಿ ಬದಲಾವಣೆಯೂ ಹೆಸರು, ದಿನಾಂಕ ಸಮೇತ ಒಂದರ ಮೇಲೊಂದು ಕೂತಿರುತ್ತದೆ. ಹಿಂದಕ್ಕೆ ಹೋಗಲು ಅವಳಿಜವಳಿಯಂತಹ ಎರಡು ಆಜ್ಞೆಗಳಿವೆ. ರಿಸೆಟ್ ಹೊಡೆದರೆ ಸೋಮವಾರದಿಂದ ಈಚಿನದೆಲ್ಲ ಮಾಯ: ನನ್ನ ತಪ್ಪು, ಅದಕ್ಕಂಟಿದ ನನ್ನ ಹೆಸರು, ಜೊತೆಗೆ ಅತ್ತಿಗೆಯ ನಾಲ್ಕು ದಿನದ ತಿದ್ದುಪಡಿ. ರಿವರ್ಟ್ ಆ ಒಂದು ಕೆಲಸವನ್ನಷ್ಟೇ ಹಿಂದಕ್ಕೆ ತಿರುಗಿಸಿ, ತಿರುಗಿಸಿದ್ದನ್ನೂ ಬರೆದಿಡುತ್ತದೆ. ತಪ್ಪೂ ಅಲ್ಲೇ, ತಪ್ಪಿತಸ್ಥನೂ ಅಲ್ಲೇ.

“ರಿವರ್ಟ್,” ಎಂದೆ. “ರಿಸೆಟ್ ಮಾಡಿದ್ರೆ ಅತ್ತಿಗೆ ತಿದ್ದಿದ ನೂರಾ ಅರವತ್ತು ಪುಟ ನೀರುಪಾಲು.”

“ಹಾಗಾದ್ರೆ ಯಾರ ಘನಕಾರ್ಯ ಅಂತ ದಾಖಲೆ ಉಳಿದುಬಿಡತ್ತಲ್ಲೋ?”

“ಉಳೀಲಿ ಮಾಮ. ಮಾಡಿದ್ದು ನಾನೇ.”

ಅತ್ತಿಗೆ ಅಷ್ಟರಲ್ಲಿ ತಮ್ಮ ಮಾತಾಡುವ ಕಂಪ್ಯೂಟರಿನಲ್ಲಿ ಆ ದಾಖಲೆಯನ್ನು ಕೇಳಿಸಿಕೊಂಡಾಗಿತ್ತು. ಮೂಗು ಹಿಡಿದು ಅದರದೇ ದನಿ ತೆಗೆದರು: “ಸೋ-ಮ-ವಾ-ರ. ಮೈ-ದು-ನ. ಚಿಹ್-ನೆ-ಗಳ ಸ್ವಚ್-ಛ-ತಾ ಕಾರ್-ಯ. ಪೂರ್-ಣ ವಿ-ರಾ-ಮ!”

ಮಾಮ ನಕ್ಕರು, ನಾನೂ ನಕ್ಕೆ.

“ನಗೋದು ಆಮೇಲೆ. ಹೊಡಿ.”

ಹೊಡೆದೆ. ಏಳು ಕಡೆ ಕಂಪ್ಯೂಟರ್ ಕೈಯೆತ್ತಿತು; ಒಂದೇ ಸಾಲಿಗೆ ನಾವಿಬ್ಬರೂ ಕೈ ಹಾಕಿದ್ದೆವು, ಯಾರದು ಇರಬೇಕೆಂದು ಅದಕ್ಕೆ ತಿಳಿಯದು. ನಾನು ಓದುತ್ತಾ ಹೋದೆ.

“ಚಿಹ್ನೆ ಹಳೇದು, ಪದ ನಂದು,” ಎಂದರು ಅತ್ತಿಗೆ. “ಮುಂದಿನದಕ್ಕೂ ಅಷ್ಟೇ. ತಡಿ, ಐದನೇದರಲ್ಲಿ ನನ್ನ ಪದವೇ ತಪ್ಪು, ಪದಾನೂ ಹಳೇದೇ ಇರ್ಲಿ.”

“ನಿಮ್ಮದೂ ತಪ್ಪೇ?”

“ಒಂದು. ನಿಂದು ಸಾವಿರ. ಲೆಕ್ಕದ ಪುಸ್ತಕ ಕಣೋ, ಹುಷಾರು.”

ಏಳೂ ಮುಗಿದಾಗ, ದಾಖಲೆಗೆ ಕಾರಣ ಏನು ಬರೆಯಲೆಂದು ಕೇಳಿದೆ.

“ಬರ್ಕೋ: ‘ಮೈದುನ ಸೋಮವಾರ ಕಳೆದದ್ದನ್ನ ಶುಕ್ರವಾರ ಕೂಡಿಸಿದ.’”

ಒಂದಕ್ಷರ ಬಿಡದೆ ಬರೆದೆ. ಯಂತ್ರ ಟಕಟಕ ಶುರುವಿಟ್ಟುಕೊಂಡಿತು. ಅತ್ತಿಗೆ ತಮ್ಮ ನಾಲ್ಕು ದಿನದ ಮೊದಲ ಹಾಳೆಗೆ ಕೈ ಚಾಚಿ ಕೂತರು.