ಗುಡಿಯ ಹೊರಗೆ ಬಿಟ್ಟ ಚೀಲ

ನನಗೆ ಸಿಟ್ಟು ಬೇಗ. ಮೊದಲೇ ಹೇಳಿಬಿಡ್ತೇನೆ, ಆಮೇಲೆ ನನ್ನನ್ನು ದೇವತೆ ಅಂತ ಯಾರೂ ತಿಳಿಯುವುದು ಬೇಡ. ಆ ಬುಧವಾರ ಬೆಳಿಗ್ಗೆ ಮ್ಯೂಸಿಯಂ ಬಾಗಿಲಲ್ಲಿ ಒದ್ದೆ ಕೊಡೆ ಹಿಡಿದು ನಿಂತ ಕಾಂತಮ್ಮನವರನ್ನು ಕಂಡಾಗ ನನಗೆ ಬಂದದ್ದು ಸಿಟ್ಟೇ.

ಕಾಂತಮ್ಮ ನನ್ನ ಅತ್ತೆ. ಬ್ರಹ್ಮಾವರದಿಂದ ಹ್ಯಾಂಬರ್ಗಿಗೆ ಬಂದು ಎರಡೂವರೆ ತಿಂಗಳಾಗಿತ್ತು, ಶುಕ್ರವಾರ ವಾಪಸು ಹೊರಡುವವರು. ಹೋಗುವ ಮೊದಲು ಸೊಸೆಯ ಕೆಲಸ ಎಂಥದ್ದು ಅಂತ ಕಣ್ಣಾರೆ ನೋಡಬೇಕು ಅಂತ ಅವರ ಆಸೆ. ನನ್ನ ಗಂಡ ಸುಹಾಸ್, ಪುಣ್ಯಾತ್ಮ, ನನಗೆ ಒಂದು ಮಾತೂ ಹೇಳದೆ ನಾನು ಸುತ್ತಿಸುವ ಗುಂಪಿಗೇ ಟಿಕೆಟ್ ಮಾಡಿಸಿ, ಅಮ್ಮನನ್ನು ಇಳಿಸಿ ಆಫೀಸಿಗೆ ಹೋಗಿಯಾಗಿತ್ತು.

ಅದೇ ದಿನ ನನ್ನ ಪರೀಕ್ಷೆ. ನಮ್ಮ ಮ್ಯೂಸಿಯಮ್ಮಿನ ದೊಡ್ಡ ಹಾಲ್‌ನಲ್ಲಿ ಎರಡು ಸಾವಿರ ವರ್ಷ ಹಳೆಯ ಮರುಭೂಮಿ ಪಟ್ಟಣದ ಒಂದು ಬೀದಿಯನ್ನೇ ಕಟ್ಟಿದ್ದಾರೆ. ಎರಡೂ ಕಡೆ ಕಂಬ, ಅಂಗಡಿ, ನೀರಿನ ತೊಟ್ಟಿ, ಕೊನೆಯಲ್ಲಿ ದೇವಿಯ ಗುಡಿ. ಗೋಡೆಯೆಲ್ಲ ಹೊಸದು, ಒಳಗಿನ ಕಲ್ಲಿನ ಮೂರ್ತಿ ಮಾತ್ರ ಅಸಲಿ. ಜನರನ್ನು ಆ ಬೀದಿಯಲ್ಲಿ ನಡೆಸುತ್ತಾ ಕಥೆ ಹೇಳುವುದು ನನ್ನ ಕೆಲಸ. ಆರು ತಿಂಗಳಿಂದ ತಾತ್ಕಾಲಿಕ. ಇವತ್ತು ಮೇಲ್ವಿಚಾರಕಿ ಕ್ಲಾಸೆನ್ ಗುಂಪಿನ ಜೊತೆ ನಡೆದು ಸರಿ ಅಂದರೆ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ. ಐದು ವರ್ಷ ಜರ್ಮನ್ ಕಲಿತು, ಅರ್ಜಿ ಹಾಕಿ ಹಾಕಿ ಸಾಕಾಗಿ ಸಿಕ್ಕಿದ ಕೆಲಸ ಇದು. ಪರೀಕ್ಷೆಯ ದಿನ ಗುಂಪಿನಲ್ಲಿ ಗೈಡಿನ ಪರಿಚಯದವರು ಇರಬಾರದು ಅಂತ ಕಟ್ಟುನಿಟ್ಟು. ಹಿಂದೆ ಯಾರೋ ಗೆಳೆಯರನ್ನೇ ತುಂಬಿಸಿ ಚಪ್ಪಾಳೆ ಹೊಡೆಸಿದ್ದರಂತೆ.

ಅತ್ತೆಯನ್ನು ಕೋಟು ತೂಗುಹಾಕುವ ಮೂಲೆಗೆ ಕರೆದೊಯ್ದೆ. "ಅತ್ತೆ, ನನ್ನ ಗುರ್ತ ಉಂಟು ಅಂತ ತೋರಿಸಬೇಡಿ. ಯಾರು ಕೇಳಿದರೂ ಗೊತ್ತಿಲ್ಲ ಅನ್ನಿ. ಇಲ್ಲದಿದ್ರೆ ನನ್ನ ಕೆಲಸ ಹೋಗ್ತದೆ."

ಅವರು ತಲೆಯಾಡಿಸಿದರು. ನನ್ನ ಸ್ವರ ಜೋರಾಯಿತು ಅಂತ ನನಗೇ ಅನಿಸಿತು. ಆದರೆ ಹತ್ತು ಗಂಟೆ ಆಗಿತ್ತು.

ಹದಿನಾಲ್ಕು ಜನ. ಮೊದಲರ್ಧ ಚೆನ್ನಾಗಿಯೇ ಹೋಯಿತು, ತೊಟ್ಟಿಯ ಹತ್ತಿರ ಜನ ನಕ್ಕರು, ಕ್ಲಾಸೆನ್ ಏನೋ ಬರೆದುಕೊಂಡರು. ಅತ್ತೆ ಎಲ್ಲರಿಗಿಂತ ಹಿಂದೆ, ಮಗ ತೆಗೆಸಿಕೊಟ್ಟ ಕಂದು ಬಣ್ಣದ ಚರ್ಮದ ಕೈಚೀಲ ಹಿಡಿದು ಬರುತ್ತಿದ್ದರು. ಪ್ರತಿ ಕೋಣೆ ದಾಟಿದಾಗಲೂ ತಲೆ ಎಣಿಸಬೇಕು ಅನ್ನುವುದು ನಿಯಮ. ಗುಡಿಯಿಂದ ಪಕ್ಕದ ಬಾಗಿಲಲ್ಲಿ ಹೊರಬಂದಾಗ ನಾನು ಎಣಿಸಲಿಲ್ಲ. ಹಿಂದೆ ತಿರುಗಿದರೆ ಅತ್ತೆಯ ಮುಖ ಕಾಣ್ತದೆ, ನನ್ನ ಮುಖದಲ್ಲಿ ಕ್ಲಾಸೆನ್‌ಗೆ ಏನಾದರೂ ಕಂಡೀತು ಅಂತ ಹೆದರಿಕೆ.

ಐದು ನಿಮಿಷದಲ್ಲಿ ಕಾವಲುಗಾರನೊಬ್ಬ ಓಡಿ ಬಂದ. ಗುಡಿಯ ಮುಂದೆ ಯಾರದೋ ಚೀಲ ಬಿದ್ದಿದೆ, ಹತ್ತಿರ ಯಾರೂ ಇಲ್ಲ, ಪೊಲೀಸರಿಗೆ ಹೇಳಿಯಾಗಿದೆ, ಎಲ್ಲರೂ ಹೊರಡಿ ಅಂದ. ಅಪಾಯದ ಗಂಟೆ ಹೊಡೆಯಿತು. ಹೊರಗೆ ಜಿಟಿಜಿಟಿ ಮಳೆಯಲ್ಲಿ ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ. ಹದಿಮೂರೇ.

ಯಾರ ಚೀಲ ಅಂತ ಆಗಲೇ ಗೊತ್ತಾಯಿತು. ಊರಲ್ಲಿ ನಮ್ಮ ಅತ್ತೆ ಚರ್ಮದ ವಸ್ತುವನ್ನು ದೇವಸ್ಥಾನದ ಒಳಗೆ ಒಯ್ದವರಲ್ಲ. ಚಪ್ಪಲಿ, ಅದರ ಪಕ್ಕ ಪರ್ಸು, ಎರಡೂ ಹೊರಗೆ. ಅಲ್ಲಿ ಅದನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಇಲ್ಲಿ ಪೊಲೀಸರು ಬರ್ತಾರೆ. ನನ್ನ ಜರ್ಮನ್ ಒಂದಕ್ಷರ ಅರ್ಥವಾಗದಿದ್ದರೂ ಮೂರ್ತಿ ನೋಡಿ ಅದು ದೇವಿ ಅಂತ ಅವರಿಗೆ ತಿಳಿದಿತ್ತು. ಗುಡಿಯೊಳಗೆ ಎಲ್ಲೋ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿರಬೇಕು.

ಒಬ್ಬರು ಕಡಿಮೆ, ಯಾರು ಅಂತ ಕ್ಲಾಸೆನ್ ಕೇಳಿದರು. ಸೀರೆ ಉಟ್ಟ ಹೆಂಗಸು ಅಂದೆ, ಅಷ್ಟೇ. ಅವರು ನನ್ನ ಅತ್ತೆ, ಚೀಲದಲ್ಲಿ ಅಪಾಯದ್ದು ಏನೂ ಇಲ್ಲ ಅಂತ ಒಂದು ವಾಕ್ಯ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಕೆಲಸವೂ. ಹೇಳುತ್ತೇನೆ, ಇನ್ನೊಂದು ನಿಮಿಷ, ಅಂತ ನಿಂತೆ. ಛೀ, ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗ್ತದೆ.

ಅಷ್ಟರಲ್ಲಿ ಇಬ್ಬರು ಪೊಲೀಸರು ಅತ್ತೆಯನ್ನು ನಡುವೆ ಹಾಕಿಕೊಂಡು ಹೊರಗೆ ತಂದರು. ಬರಿಗಾಲು. ಸೀರೆಯ ಅಂಚು ಒದ್ದೆ. ಮುಗಿದ ಕೈ ಹಾಗೇ ಇತ್ತು, ಬಿಡಿಸಲು ಮರೆತಿದ್ದರು. ಚೀಲ ನಿಮ್ಮದಾ, ಯಾಕೆ ಬಿಟ್ಟಿರಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅತ್ತೆ ತಮ್ಮ ಚೂರುಪಾರು ಇಂಗ್ಲಿಷಿನಲ್ಲಿ ದೇವರು, ಚರ್ಮ, ಒಳಗೆ ಆಗುವುದಿಲ್ಲ ಅಂತ ತಡವರಿಸಿದರು. ಪೊಲೀಸರಿಗೆ ಅರ್ಥವಾಗಲಿಲ್ಲ. ಇಲ್ಲಿ ನಿಮ್ಮವರು ಯಾರಾದರೂ ಇದ್ದಾರಾ ಅಂತ ಪೊಲೀಸ್ ಹೆಂಗಸು ನಿಧಾನವಾಗಿ ಎರಡು ಸಲ ಕೇಳಿದಳು.

ಅತ್ತೆ ಎಲ್ಲರ ಮುಖ ನೋಡಿದರು. ನನ್ನ ಮುಖವನ್ನೂ ನೋಡಿದರು, ಬಸ್ಸಿನಲ್ಲಿ ಎದುರು ಕೂತ ಯಾರನ್ನೋ ನೋಡಿದ ಹಾಗೆ.

"ನೋ," ಅಂದರು. "ನೋಬಡಿ."

ನಾನು ಗುಂಪು ಬಿಟ್ಟು ಮುಂದೆ ಹೋದೆ. ಇವರು ನನ್ನ ಅತ್ತೆ, ಗೊತ್ತಿಲ್ಲ ಅನ್ನಿ ಅಂತ ನಾನೇ ಹೇಳಿಕೊಟ್ಟದ್ದು ಅಂತ ಜರ್ಮನ್‌ನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಚೀಲ ತೆರೆದು ನೋಡಿದರು. ಪಾಸ್‌ಪೋರ್ಟು, ಕುಂಕುಮದ ಪೊಟ್ಟಣ, ನನ್ನ ಮಧ್ಯಾಹ್ನಕ್ಕೆ ಅಂತ ಸ್ಟೀಲ್ ಡಬ್ಬಿಯಲ್ಲಿ ನೀರುದೋಸೆ. ಕ್ಲಾಸೆನ್ ಪೆನ್ನು ಮುಚ್ಚಿದರು. ಎಣಿಸಲಿಲ್ಲ, ಮುಚ್ಚಿಟ್ಟಿರಿ, ಗೊತ್ತಿದ್ದೂ ಸುಮ್ಮನಿದ್ದಿರಿ, ನಿಮ್ಮನ್ನು ಮುಂದುವರಿಸಲು ಆಗುವುದಿಲ್ಲ ಅಂದರು. ಅವರದ್ದು ತಪ್ಪಲ್ಲ.

ಚಪ್ಪಲಿ ತಂದುಕೊಟ್ಟರು. ನಾನೇ ಬಗ್ಗಿ ಅತ್ತೆಯ ಕಾಲಿಗೆ ಹಾಕಿದೆ, ಪಾದ ಮಂಜುಗಡ್ಡೆ ಆಗಿತ್ತು. ಅವರು ಇನ್ನೂ ನನ್ನನ್ನು ನೋಡದೆ, ಎದುರಿನ ಗೋಡೆ ನೋಡುತ್ತಲೇ, ತುಟಿ ಅಲ್ಲಾಡದ ಹಾಗೆ ಮೆಲ್ಲ ಕೇಳಿದರು.

"ನೀನ್ಯಾಕೆ ಬಾಯಿ ಬಿಟ್ಟದ್ದು ಮಾರಾಯ್ತಿ? ನಾನು ಗೊತ್ತಿಲ್ಲ ಅಂತಲೇ ಹೇಳಿದ್ದೆನಲ್ಲ."